ದೇಜಪ್ಪ ಗೆಸ್ಟ್ ಆದ ದಿನ

ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಹುಡುಗರಿದ್ದಾರೆ. ನಾನು ಫಾರಿನ್ ರೆಸಾರ್ಟಿನಲ್ಲಿ ಬಹಳ ವರ್ಷ ದುಡಿದು ನಿವೃತ್ತನಾಗಿ ಬಂದವನೆಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಭಾನುವಾರ ಬಂದು ಜಗಲಿಯಲ್ಲಿ ಕುಳಿತು, "ಅಂಕಲ್, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?" ಎನ್ನುತ್ತಾರೆ. ಮಾತಿನ ನಡುವೆ, "ನಿಮ್ಮದು ಯಾವ ಡಿಪಾರ್ಟ್‌ಮೆಂಟ್ ಅಂಕಲ್?" ಎಂಬ ಪ್ರಶ್ನೆ ಬರುತ್ತದೆ. "ಲಾಂಡ್ರಿ" ಎನ್ನುತ್ತೇನೆ. ಅಲ್ಲಿಗೆ ಸಂದರ್ಶನ ಮುಗಿಯಿತು. ಚಹಾ ಕುಡಿದು, ಲೋಟ ಕೆಳಗಿಟ್ಟು, "ಆಯ್ತು ಅಂಕಲ್, ಬರ್ತೇವೆ" ಎಂದು ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನೂ ಲಾಂಡ್ರಿಗೆಂದು ಹೊರಟವನಲ್ಲ. ಮುಂಬಯಿಯ ಏಜೆಂಟ್ ನನಗೆ ಹೇಳಿದ್ದು "ಎಕ್ಸಿಕ್ಯೂಟಿವ್" ಎಂದು. ಪೆಸಿಫಿಕ್ ಸಮುದ್ರದ ನಡುವೆ ಒಂದು ಪುಟ್ಟ ದ್ವೀಪ, ದ್ವೀಪವಿಡೀ ಒಂದೇ ರೆಸಾರ್ಟು, ಅದರಲ್ಲಿ ನಾನು ಎಕ್ಸಿಕ್ಯೂಟಿವ್. ಅಲ್ಲಿಗೆ ಹೋಗಿ ಇಳಿದ ಮೇಲೆ ಗೊತ್ತಾಯಿತು, ಲಿನನ್ ಎಕ್ಸಿಕ್ಯೂಟಿವ್. ಅಂದರೆ ಹಾಸಿಗೆ ಬಟ್ಟೆ, ಟವೆಲ್, ಯೂನಿಫಾರ್ಮ್‌ಗಳನ್ನು ಒಗೆಸಿ, ಒಣಗಿಸಿ, ಇಸ್ತ್ರಿ ಹಾಕಿಸುವವ. ಮೊದಲ ರಜೆಯಲ್ಲಿ ಊರಿಗೆ ಬಂದಾಗ ಶಿರ್ತಾಡಿಯಲ್ಲಿರುವ ಸೋದರಮಾವನಿಗೆ ಮಾತ್ರ ನಿಜ ಹೇಳಿದೆ. ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಬಟ್ಟೆ ಒಗೆಯುವುದಕ್ಕೆ ವಿಮಾನದಲ್ಲಿ ಹೋಗ್ಬೇಕಾ ಮಾರಾಯ? ಹೊಳೆ ಇಲ್ಲಿಯೇ ಉಂಟಲ್ಲ" ಎಂದರು. ಮರುದಿನ ಒಂದು ಮದುವೆಯ ಊಟದಲ್ಲಿ ಅದೇ ಮಾವ ನನ್ನ ಬೆನ್ನು ತಟ್ಟಿ, "ನಮ್ಮ ಅಳಿಯ, ಫಾರಿನ್‌ನಲ್ಲಿ ಮ್ಯಾನೇಜರ್" ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. ನಮ್ಮ ಕಡೆಯ ಗುತ್ತಿನ ಮನೆಗಳೆಂಬ ಹಳೆಯ ಜಮೀನ್ದಾರ ಮನೆತನಗಳಲ್ಲಿ ಕೆಲಸಕ್ಕಿಂತ ಕೆಲಸದ ಹೆಸರಿಗೆ ಮರ್ಯಾದೆ ಹೆಚ್ಚು. ಹೆಸರನ್ನು ಮಾವನೇ ನೋಡಿಕೊಂಡರು, ಕೆಲಸವನ್ನು ನಾನು ನೋಡಿಕೊಂಡೆ.

ಈ ಉದ್ಯೋಗದ ಮೊದಲ ಪಾಠ ಜೇಬು. ಒಗೆಯುವ ಮೊದಲು ಪ್ರತಿ ಜೇಬನ್ನೂ ಹೊರಗೆ ಎಳೆದು ನೋಡಬೇಕು. ಉಂಗುರ, ಕೃತಕ ಹಲ್ಲು, ಪ್ರೇಮಪತ್ರ, ತಂಪು ಕನ್ನಡಕ, ಒಮ್ಮೆ ಜೀವವಿದ್ದ ಏಡಿ ಕೂಡ ಸಿಕ್ಕಿದ್ದುಂಟು. ವಾರಸುದಾರರು ಬಾರದ ವಸ್ತುಗಳಿಗೆಂದೇ ನಮ್ಮಲ್ಲಿ ಒಂದು ಕಪಾಟು ಇತ್ತು. ಎರಡನೆಯ ಪಾಠ ಬಣ್ಣ. ಯಾರೋ ಒಬ್ಬ ಗೆಸ್ಟಿನ ಕೆಂಪು ಶಾಲು ಬಿಳಿ ಬಟ್ಟೆಗಳ ಜೊತೆ ಯಂತ್ರದೊಳಗೆ ಹೋಗಿ, ನಮ್ಮ ಜನರಲ್ ಮ್ಯಾನೇಜರರ ಬಿಳಿ ಪ್ಯಾಂಟು ತೆಳು ಗುಲಾಬಿಯಾಗಿ ಹೊರಬಂತು. ನನ್ನ ಕತೆ ಮುಗಿಯಿತೆಂದುಕೊಂಡೆ. ಅವರು ಅದನ್ನೇ ಹಾಕಿಕೊಂಡು ಬೆಳಗ್ಗಿನ ಸಭೆಗೆ ಬಂದು, ಇದು ಈ ಸೀಸನ್ನಿನ ಸೂರ್ಯಾಸ್ತದ ಬಣ್ಣ ಎಂದು ಘೋಷಿಸಿದರು. ತಪ್ಪನ್ನು ಒಪ್ಪಿಕೊಳ್ಳುವುದಕ್ಕಿಂತ ಅದಕ್ಕೊಂದು ಹೆಸರಿಡುವುದು ಮ್ಯಾನೇಜರರ ವಿದ್ಯೆ ಎಂದು ಅವತ್ತೇ ತಿಳಿಯಿತು.

ಈ ಜಿ.ಎಂ. ಹಿಮ ಬೀಳುವ ಯಾವುದೋ ದೇಶದವರು. ಎತ್ತರದ ಮನುಷ್ಯ, ಬಿಸಿಲಿಗೆ ಸದಾ ಸಿಪ್ಪೆ ಏಳುವ ಮೂಗು. ಅವರ ಸಾಮ್ರಾಜ್ಯದಲ್ಲಿ ಎರಡು ಪದಗಳಿಗೆ ನಿಷೇಧವಿತ್ತು: ಒಂದು "ಇಲ್ಲ", ಇನ್ನೊಂದು "ಸಮಸ್ಯೆ". ಗೆಸ್ಟು ಏನು ಕೇಳಿದರೂ "ಶೂರ್ ಸರ್" ಎನ್ನಬೇಕು. ಗೆಸ್ಟಿನ ಹೆಸರನ್ನು ಕೇಳಬಾರದು, ಅದು ಮೊದಲೇ ಗೊತ್ತಿರಬೇಕು. ಗೆಸ್ಟು ಒಬ್ಬನೇ ಇರಬಯಸಿದರೆ ಹತ್ತಿರ ಸುಳಿಯಬಾರದು, ಅದು "ಪ್ರೈವೆಸಿ". ಪ್ರತಿ ಬೆಳಗಿನ ಸಭೆಯನ್ನೂ ಅವರು "ನಾವೆಲ್ಲ ಒಂದೇ ಕುಟುಂಬ" ಎಂಬ ಮಾತಿನಿಂದ ಮುಗಿಸುತ್ತಿದ್ದರು. ನಮ್ಮ ಕಡೆ ಕುಟುಂಬ ಎಂದರೆ ಬಂಟ್ವಾಳ ಕೋರ್ಟಿನಲ್ಲಿ ಅಜ್ಜನ ಕಾಲದಿಂದ ನಡೆಯುತ್ತಿರುವ ಪಾಲಿನ ಕೇಸು. ಆದ್ದರಿಂದ ಆ ಮಾತನ್ನು ನಾನು ನಂಬಿದೆ.

ನಮ್ಮ ಯೂನಿಫಾರ್ಮು ಮರಳಿನ ಬಣ್ಣದ್ದು. ಮರಳಿನ ಮೇಲೆ ನಿಂತರೆ ನಾವು ಗೆಸ್ಟಿನ ಕಣ್ಣಿಗೆ ಬೀಳಬಾರದು ಎಂಬುದೇ ಅದರ ಉದ್ದೇಶವಂತೆ. ಗೆಸ್ಟಿನ ಕಣ್ಣಿಗಿರಲಿ, ಜಿ.ಎಂ. ಕಣ್ಣಿಗೂ ನಾವು ಬೀಳುತ್ತಿರಲಿಲ್ಲ. ಒಂದು ರಜಾದಿನ ಊರಿಂದ ತಂದಿದ್ದ ನನ್ನ ಚೌಕಳಿ ಅಂಗಿ ಹಾಕಿಕೊಂಡು ದೋಣಿಕಟ್ಟೆಗೆ ಹೋಗಿದ್ದೆ. ಎದುರಿಗೆ ಬಂದ ಜಿ.ಎಂ. ಎದೆಯ ಮೇಲೆ ಕೈಯಿಟ್ಟು ಬಾಗಿ, "ವೆಲ್‌ಕಂ ಸರ್, ಪ್ರಯಾಣ ಸುಖವಾಗಿತ್ತೆ?" ಎಂದರು. ಹಿಂದಿನ ದಿನವಷ್ಟೇ ಅವರ ಕಾಲರಿನ ವಿಷಯಕ್ಕೆ ನನ್ನನ್ನು ನಿಲ್ಲಿಸಿ ಬೈದವರು. ನಾನೂ ಗಂಭೀರವಾಗಿ ತಲೆಯಾಡಿಸಿ ಮುಂದೆ ನಡೆದೆ.

ಇನ್ನು ದೇಜಪ್ಪ. ಬೆಳ್ತಂಗಡಿ ಕಡೆಯ ದೇಜಪ್ಪ ನನ್ನ ಕೈಕೆಳಗೆ ಒಂಬತ್ತು ವರ್ಷ ಇದ್ದ. ನನಗಿಂತ ಸಣ್ಣವ, ಕಡಿಮೆ ಮಾತಿನವ, ಇಸ್ತ್ರಿಯಲ್ಲಿ ಅವನ ಕೈಗೆ ಎದುರಿಲ್ಲ. ಆದರೆ ದೊಡ್ಡವರನ್ನು ಕಂಡರೆ ವಿಪರೀತ ಹೆದರಿಕೆ. ಜಿ.ಎಂ. ಲಾಂಡ್ರಿಯ ಮುಂದೆ ಹಾದುಹೋದರೂ ಸಾಕು, ಸ್ಟೂಲಿನಿಂದ ನೆಗೆದು ನಿಂತು "ಗುಡ್ ಮಾರ್ನಿಂಗ್ ಸರ್" ಎನ್ನುತ್ತಿದ್ದ. ಸಂಜೆಯಾದರೂ ಗುಡ್ ಮಾರ್ನಿಂಗೇ.

ನಮ್ಮಿಬ್ಬರ ಲಾಂಡ್ರಿಯಲ್ಲಿ ಒಂದು ವಿಶೇಷವಿತ್ತು. ಉಳಿದ ರೆಸಾರ್ಟುಗಳಲ್ಲಿ ಟವೆಲ್ ಯಂತ್ರದಲ್ಲೇ ಒಣಗಿ ನೇರ ಕಪಾಟಿಗೆ ಹೋಗುತ್ತದೆ. ನಾನು ಮಾತ್ರ ಯಂತ್ರದಿಂದ ತೆಗೆದದ್ದನ್ನು ಮತ್ತೆ ಬಿಸಿಲಿಗೆ ಹಾಕಿಸುತ್ತಿದ್ದೆ. ಬಿಸಿಲು ಕಂಡ ಬಟ್ಟೆಗೆ ಒಂದು ಪರಿಮಳ ಉಂಟು ಎಂಬುದು ನನ್ನ ಸಿದ್ಧಾಂತ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯ ಮುಗ್ಗಲು ವಾಸನೆಯಲ್ಲೇ ಬೆಳೆದವರು ನಾವು. ನಮ್ಮ ಕಡೆ ಮಳೆಗಾಲದಲ್ಲಿ ಎರಡು ಗಳಿಗೆ ಬಿಸಿಲು ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಬಟ್ಟೆ ಹಿಡಿದು ಅಂಗಳಕ್ಕೆ ಓಡುತ್ತಾರೆ. ಬಂಟ್ವಾಳ, ಬೆಳ್ತಂಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನ ಟವೆಲಿನಂಥ ಟವೆಲ್ ಇಡೀ ಸಾಗರದಲ್ಲಿಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ದೇಜಪ್ಪ ಏನೂ ಅನ್ನದೆ ಮಡಚುತ್ತಿದ್ದ.

ಈಗ ಗಾಳಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಚಂಡಮಾರುತ ಎನ್ನುವುದಕ್ಕೆ ಆ ಸಮುದ್ರದಲ್ಲಿ ಟೈಫೂನ್ ಎನ್ನುತ್ತಾರೆ. ಅದು ಬರುತ್ತದೆಂದು ಒಂದೆರಡು ದಿನ ಮೊದಲೇ ಗೊತ್ತಿತ್ತು. ಆದರೆ "ಸಮಸ್ಯೆ" ಎಂಬ ಪದಕ್ಕೆ ನಿಷೇಧವಿದ್ದುದರಿಂದ ಗೆಸ್ಟುಗಳ ಬೋರ್ಡಿನಲ್ಲಿ "ಅಪರೂಪದ ಹವಾಮಾನ ಅನುಭವ" ಎಂದು ಬರೆಯಲಾಯಿತು. ಕೆಲವು ಗೆಸ್ಟುಗಳು ಇದಕ್ಕೆ ಬೇರೆ ಟಿಕೆಟ್ ಉಂಟೇ ಎಂದು ವಿಚಾರಿಸಿದರು. ಸ್ಥಳೀಯ ನೌಕರರೆಲ್ಲ ಹಿಂದಿನ ದಿನವೇ ರಜೆ ಹಾಕಿ, ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲು ತಮ್ಮ ತಮ್ಮ ದ್ವೀಪಗಳಿಗೆ ಹೋದರು. ನಮಗೆ ಆ ರಜೆಯೇ ಹವಾಮಾನ ವರದಿಯಾಗಬೇಕಿತ್ತು. ಉಳಿದವರು ಒಂದಷ್ಟು ಗೆಸ್ಟುಗಳು, ನಾವು ಪರದೇಶಿಗಳು, ಮತ್ತು ಜಿ.ಎಂ. ಕೊನೆಯ ದೋಣಿಯಲ್ಲಿ ಗೆಸ್ಟುಗಳನ್ನು ಕಳುಹಿಸಿಬಿಡಬಹುದಿತ್ತು. ಕಳುಹಿಸಿದರೆ ಅನುಭವ ಅಪೂರ್ಣವಾಗುತ್ತದಲ್ಲ!

ನನಗೂ ಹೆದರಿಕೆ ಇರಲಿಲ್ಲ ಎಂದೇ ಹೇಳಬೇಕು. ಆಷಾಢದ ಮಳೆ ಕಂಡವನಿಗೆ ಮಳೆಯ ಪಾಠವೇ ಎಂಬ ಜಂಬ. "ಇದೆಂಥದ್ದು ಮಾರಾಯ, ನೇತ್ರಾವತಿ ಪಾಣೆಮಂಗಳೂರಿನ ಪೇಟೆಗೇ ಬಂದದ್ದನ್ನು ನಾವು ನೋಡಿದ್ದೇವೆ" ಎಂದು ದೇಜಪ್ಪನಿಗೆ ಹೇಳಿದೆ. ಅವನು, "ಅದು ಕೆಳಗಿಂದ ಬರುವುದು ಶೆಟ್ರೇ, ಇದು ಬದಿಯಿಂದ ಬರ್ತದಂತೆ" ಎಂದ.

ಬದಿಯಿಂದಲೇ ಬಂತು. ಬೆಳಗಾಗುವಾಗ ಶುರುವಾದ ಗಾಳಿ ಹೊತ್ತೇರುವಷ್ಟರಲ್ಲಿ ಮಾತು ಕೇಳಿಸದಷ್ಟಾಯಿತು. ಮಳೆ ಮೇಲಿನಿಂದ ಬೀಳಲಿಲ್ಲ, ಗೋಡೆಗೆ ಅಡ್ಡಡ್ಡ ಬಡಿಯಿತು. ತೆಂಗಿನ ಮರಗಳು ಬುಡದವರೆಗೆ ಬಾಗಿ ನೆಲ ಮುಟ್ಟಿ ಏಳುತ್ತಿದ್ದವು, ಕೆಲವು ಏಳಲಿಲ್ಲ. ಗೆಸ್ಟುಗಳನ್ನು ದೊಡ್ಡ ಸಭಾಂಗಣದಲ್ಲಿ ಕೂರಿಸಿದ್ದರು. ನಾವು ಲಾಂಡ್ರಿಯ ಕಾಂಕ್ರೀಟ್ ಕೋಣೆಯಲ್ಲಿ ಯಂತ್ರಗಳ ನಡುವೆ ಕುಳಿತೆವು. ಸಮುದ್ರದ ಬದಿಯ ಬಾಡಿಗೆ ಕುಟೀರಗಳ ಚಾವಣಿಗಳು ಒಂದೊಂದಾಗಿ ಹಾರಿ ಹೋಗುವ ಸದ್ದು ಕೇಳುತ್ತಿತ್ತು. ನನ್ನ ಜಂಬವೂ ಅವುಗಳ ಜೊತೆಗೇ ಹೋಯಿತು. ನನಗೆ ಗೊತ್ತಿದ್ದ ದೈವಗಳ ಹೆಸರೆಲ್ಲ ಹೇಳಿ ಮುಗಿದ ಮೇಲೆ ದೇಜಪ್ಪನಿಗೆ ಗೊತ್ತಿದ್ದವುಗಳ ಹೆಸರನ್ನೂ ಕೇಳಿ ಹೇಳಿದೆ.

ಮಧ್ಯಾಹ್ನ ಒಮ್ಮೆಲೇ ಎಲ್ಲ ನಿಂತಿತು. ಗಾಳಿ ಇಲ್ಲ, ಮಳೆ ಇಲ್ಲ. ಬಾಗಿಲು ತೆರೆದರೆ ನೀಲಿ ಆಕಾಶ, ಕಣ್ಣು ಚುಚ್ಚುವ ಬಿಸಿಲು. ವಾಕಿಟಾಕಿಯಲ್ಲಿ ಜಿ.ಎಂ. ದನಿ ಬಂತು: "ಎಲ್ಲರಿಗೂ ಅಭಿನಂದನೆ. ಅನುಭವ ಮುಕ್ತಾಯವಾಗಿದೆ. ಗೆಸ್ಟುಗಳು ಹೊರಗೆ ಬಂದಾಗ ಬೀಚಿನಲ್ಲಿ ಮಂಚಗಳೂ ಟವೆಲ್‌ಗಳೂ ಸಿದ್ಧವಾಗಿರಬೇಕು."

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯನ್ನು ಜಿ.ಎಂ. ಕೇಳಿರಲಿಲ್ಲ. ಕೇಳಿದ್ದ ನಮಗೂ ಅದು ನೆನಪಾಗಲಿಲ್ಲ. ಟೈಫೂನಿನ ನಟ್ಟನಡುವೆ ಒಂದು ಕಣ್ಣು ಇರುತ್ತದೆ, ಅದರೊಳಗೆ ಗಾಳಿ ಇರುವುದಿಲ್ಲ, ಕಣ್ಣು ದಾಟಿದ ಮೇಲೆ ಉಳಿದರ್ಧ ಎದುರು ದಿಕ್ಕಿನಿಂದ ಬಂದು ಹೊಡೆಯುತ್ತದೆ ಎಂದು ಹೇಳಬೇಕಾದವರು ರಜೆಯಲ್ಲಿದ್ದರು. ಇತ್ತ ನಾವು, ಬಿಸಿಲು ಕಂಡ ದಕ್ಷಿಣ ಕನ್ನಡದವರು. ಜಿ.ಎಂ. ಹೇಳದಿದ್ದರೂ ನಾವು ಹೊರಗೆ ಓಡುತ್ತಿದ್ದೆವು. ಒದ್ದೆಯಾದ ಟವೆಲುಗಳ ಮೂಟೆ ಹೊತ್ತು ಬೀಚಿಗೆ ಹೋಗಿ, ಮುರಿಯದೆ ಉಳಿದ ಮಂಚಗಳ ಮೇಲೆ, ಬೇಲಿಯ ಮೇಲೆ, ಬಿದ್ದ ತೆಂಗಿನ ಮರಗಳ ಮೇಲೆ ಬಿಳಿ ಬಟ್ಟೆ ಹರಡಿದೆವು. ದೇಜಪ್ಪ ಹಾಡು ಗುನುಗುತ್ತಿದ್ದ. ನನಗೆ ಅಷ್ಟು ಖುಷಿಯಾಗಿ ಬಹಳ ದಿನಗಳಾಗಿದ್ದವು.

ಆಮೇಲೆ ಸಮುದ್ರದ ಮೇಲೆ ಒಂದು ಬೂದು ಗೋಡೆ ಕಾಣಿಸಿತು. ಅದು ನಮ್ಮ ಕಡೆಗೆ ಬರುತ್ತಿದೆ ಎಂದು ಅರ್ಥವಾಗುವಷ್ಟರಲ್ಲಿ ಟವೆಲುಗಳು ಕೊಕ್ಕರೆಗಳ ಹಾಗೆ ಎದ್ದು ಹಾರಿದವು. ನಾನು ಕೂಗಿದೆ, ದೇಜಪ್ಪ ಒಂದು ತೆಕ್ಕೆ ಟವೆಲ್ ಬಾಚಿಕೊಂಡು ಓಡಿ ಬಂದ. ಬೀಚಿನ ಟವೆಲ್ ಕೊಡುವ ಮರದ ಚಪ್ಪರದ ಬಳಿ ಅದರ ತೊಲೆ ಮುರಿದು ಅವನ ಮೊಣಕಾಲಿನ ಕೆಳಗೆ ಬಿತ್ತು. ನಾನೂ ಒಬ್ಬ ನೇಪಾಳಿ ಅಡುಗೆಯವನೂ ತೊಲೆ ಎತ್ತಿ, ತೆವಳಿಕೊಂಡೇ ಅವನನ್ನು ಲಾಂಡ್ರಿಗೆ ಎಳೆದು ತಂದೆವು. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅವನ ತೆಕ್ಕೆಯಲ್ಲಿ ಟವೆಲುಗಳು ಹಾಗೆಯೇ ಇದ್ದವು.

ಉಳಿದರ್ಧ ಸಂಜೆಯವರೆಗೆ ಹೊಡೆಯಿತು. ಮರುದಿನ ಹೊರಗೆ ಬಂದಾಗ ದ್ವೀಪದಲ್ಲಿ ಹಸಿರು ಎಂಬ ಬಣ್ಣವೇ ಇರಲಿಲ್ಲ. ಎಲೆಗಳೆಲ್ಲ ಕಿತ್ತು ಹೋಗಿ ಮರಗಳು ಕಂಬಗಳಾಗಿದ್ದವು. ದೋಣಿಕಟ್ಟೆ ಅರ್ಧ ಇತ್ತು. ಜನರೇಟರಿನೊಳಗೆ ಸಮುದ್ರ ಹೊಕ್ಕಿತ್ತು. ಫೋನಿನ ಗೋಪುರ ಮಲಗಿತ್ತು. ಕುಡಿಯುವ ನೀರಿಗೆ ನನ್ನ ಬೆಡ್‌ಶೀಟುಗಳನ್ನು ಕಂಬಗಳಿಗೆ ಕಟ್ಟಿ ಮಳೆ ಹಿಡಿದೆವು. ಗೆಸ್ಟುಗಳ ಪೆಟ್ಟಿಗೆಗಳೆಲ್ಲ ನೆನೆದು ಮರಳು ತುಂಬಿಕೊಂಡಿದ್ದವು. ಮೇಲಿನ ಕಪಾಟಿನಲ್ಲಿ ಒಣಗಿ ಉಳಿದಿದ್ದದ್ದು ಬಾತ್‌ರೋಬುಗಳು ಮಾತ್ರ, ಅಂದರೆ ಸ್ನಾನದ ಮೇಲೆ ಹಾಕಿಕೊಳ್ಳುವ, ಟವೆಲ್ ಬಟ್ಟೆಯ ಉದ್ದ ಬಿಳಿ ನಿಲುವಂಗಿಗಳು. ಜಿ.ಎಂ. ಅಪ್ಪಣೆಯಂತೆ ಎಲ್ಲ ಗೆಸ್ಟುಗಳಿಗೂ ಒಂದೊಂದು ಕೊಟ್ಟೆ. ಹಗಲಿಡೀ ಅವರು ಅದನ್ನೇ ಹಾಕಿಕೊಂಡು ಮುರಿದ ಮರಗಳ ನಡುವೆ ಯಾವುದೋ ಮಠದ ಸನ್ಯಾಸಿಗಳಂತೆ ಓಡಾಡುತ್ತಿದ್ದರು.

ಬೆಳಗಿನ ಸಭೆ ತಪ್ಪಲಿಲ್ಲ. ಚಾವಣಿ ಇಲ್ಲದ ಕೋಣೆಯಲ್ಲಿ ನಿಲ್ಲಿಸಿ ಜಿ.ಎಂ. ನಮಗೆ ಧೈರ್ಯ ಹೇಳಿದರು. ಕರೆಂಟ್ ಇಲ್ಲದ್ದಕ್ಕೆ "ಮೋಂಬತ್ತಿ ಊಟ", ನೀರಿಲ್ಲದ್ದಕ್ಕೆ "ಪರಿಸರಸ್ನೇಹಿ ವಾರ" ಎಂದು ಹೆಸರಿಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ. ಕೊನೆಗೆ, ನಾವೆಲ್ಲ ಒಂದೇ ಕುಟುಂಬ.

ದೇಜಪ್ಪ ಲಾಂಡ್ರಿಯ ನೆಲದ ಮೇಲೆ ಮಲಗಿದ್ದ. ರೆಸಾರ್ಟಿನ ನರ್ಸ್ ಸಿಲ್ವಿಯಾಬಾಯಿ ನಮ್ಮ ಮೂಡುಬಿದಿರೆ ಕಡೆಯವರು. ಬೀಚಿನ ಕೊಡೆಯ ಕೋಲು ಮುರಿದು, ದಿಂಬಿನ ಚೀಲ ಹರಿದು ಅವನ ಕಾಲು ಕಟ್ಟಿದ್ದರು. ಎರಡನೆಯ ದಿನ ಜ್ವರ ಏರಿತು. ಮೂರನೆಯ ದಿನ ಬೆಳಗ್ಗೆ ಕಾಲು ಊದಿ ಕಪ್ಪಾಗಿ, ಕಟ್ಟಿನಿಂದ ವಾಸನೆ ಬರತೊಡಗಿತು. ಸಿಲ್ವಿಯಾಬಾಯಿ ನನ್ನನ್ನು ಹೊರಗೆ ಕರೆದು, "ಶೆಟ್ರೇ, ನನ್ನ ಹತ್ರ ಇದ್ದ ಮಾತ್ರೆ ಮುಗಿಯಿತು. ಇವತ್ತು ಆಸ್ಪತ್ರೆಗೆ ಮುಟ್ಟಿದ್ರೆ ಕಾಲು ಉಳಿಯಬಹುದು. ಇನ್ನೂ ತಡ ಆದ್ರೆ ಕಾಲಿನ ಮಾತಲ್ಲ, ಜೀವದ ಮಾತು" ಎಂದರು.

ಅದೇ ಬೆಳಗ್ಗೆ ದೂರದಲ್ಲಿ ಕಂಪನಿಯ ದೋಣಿ ಕಾಣಿಸಿತ್ತು. ನಾನು ಜಿ.ಎಂ. ಹತ್ತಿರ ಓಡಿದೆ. ಅವರು ಕೇಳಿಸಿಕೊಂಡರು, ಅದನ್ನು ಅಲ್ಲಗಳೆಯುವುದಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ, "ಮೊದಲ ದೋಣಿ ಗೆಸ್ಟುಗಳಿಗೆ. ನಮ್ಮ ವಾಗ್ದಾನವೇ ಗೆಸ್ಟ್ ಮೊದಲು ಎಂದು. ಸ್ಟಾಫಿಗೆ ಎರಡನೇ ಹಂತದ ವ್ಯವಸ್ಥೆ ಇದೆ" ಎಂದರು.

"ಎರಡನೇ ಹಂತ ಯಾವಾಗ ಸರ್?"

"ಪರಿಶೀಲನೆಯಲ್ಲಿದೆ."

"ಒಬ್ಬನಿಗೆ ಜಾಗ ಇಲ್ಲವೇ ಸರ್?"

"ಇಲ್ಲ" ಎಂಬ ಪದವನ್ನು ಅವರು ಆಗಲೂ ಬಳಸಲಿಲ್ಲ. "ನಿಮ್ಮ ಕಾಳಜಿಯನ್ನು ಮೆಚ್ಚುತ್ತೇನೆ" ಎಂದು ನನ್ನ ಭುಜ ತಟ್ಟಿ ಗೆಸ್ಟುಗಳ ಕಡೆ ನಡೆದರು. ನನಗೆ ಬಂದ ಸಿಟ್ಟಿಗೆ ಅವರ ಸಿಪ್ಪೆ ಏಳುವ ಮೂಗಿಗೆ ಒಂದು ಗುದ್ದಬೇಕೆನಿಸಿತು. ಗುದ್ದಿದ್ದರೆ ದೇಜಪ್ಪನಿಗೆ ಏನು ಪ್ರಯೋಜನ? ಬರಿಗೈಯಲ್ಲಿ ಲಾಂಡ್ರಿಗೆ ಬಂದೆ. ಬಾಗಿಲಲ್ಲಿ ನಿಂತು ನೋಡಿದರೆ, ದೋಣಿಕಟ್ಟೆಯಲ್ಲಿ ಬಿಳಿ ನಿಲುವಂಗಿಗಳ ಸಾಲು. ಒಂದು ಬದಿಯಲ್ಲಿ ಬಿಳಿ, ಇನ್ನೊಂದು ಬದಿಯಲ್ಲಿ ಮರಳಿನ ಬಣ್ಣ. ದೋಣಿಯವರು ಬಿಳಿಯನ್ನು ಕೈಹಿಡಿದು ಇಳಿಸಲು ಸಿದ್ಧರಾಗುತ್ತಿದ್ದರು, ಮರಳಿನ ಬಣ್ಣಕ್ಕೆ ಹಿಂದೆ ಸರಿಯಲು ಹೇಳುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆ ಬಟ್ಟೆಗಳೆಲ್ಲ ನನ್ನ ಕಪಾಟಿನವು. ಕಪಾಟಿನಲ್ಲಿ ಇನ್ನೂ ಎರಡು ಇದ್ದವು.

"ದೇಜಪ್ಪ, ಏಳು. ಅಂಗಿ ತೆಗಿ" ಎಂದೆ.

"ಎಂಥದಕ್ಕೆ ಶೆಟ್ರೇ?"

"ನೀನು ಗೆಸ್ಟ್ ಆಗ್ತಿ."

ಜ್ವರದಲ್ಲೂ ಅವನ ಮುಖದಲ್ಲಿ ಗಾಬರಿ ಕಾಣಿಸಿತು. "ಬೇಡ ಶೆಟ್ರೇ, ಗೊತ್ತಾದ್ರೆ ಕೆಲಸ ಹೋಗ್ತದೆ" ಎಂದ.

"ಕಾಲೇ ಹೋಗ್ತದೆ ಅಂತ ಸಿಲ್ವಿಯಾಬಾಯಿ ಹೇಳ್ತಿದ್ದಾರೆ, ನಿನಗೆ ಕೆಲಸದ ಚಿಂತೆ ಉಂಟಾ?" ಎಂದು ಬೈದೆ. ಸಿಲ್ವಿಯಾಬಾಯಿ ಅವನ ಯೂನಿಫಾರ್ಮಿನ ಗುಂಡಿ ಬಿಚ್ಚತೊಡಗಿದರು. ಬಾತ್‌ರೋಬ್ ತೊಡಿಸಿದೆವು. ಮೂರು ದಿನದ ಗಡ್ಡ ಇತ್ತು, ಗೆಸ್ಟುಗಳಿಗೂ ಇತ್ತು. ವಾರಸುದಾರರಿಲ್ಲದ ಕಪಾಟಿನಿಂದ ಒಂದು ದುಬಾರಿ ತಂಪು ಕನ್ನಡಕ ತೆಗೆದು ಮೂಗಿಗೇರಿಸಿದೆ. ರೆಸಾರ್ಟಿನಲ್ಲಿ ದಿಲ್ಲಿ ಕಡೆಯ ಗೆಸ್ಟುಗಳೂ ಇದ್ದುದರಿಂದ ಮೈಬಣ್ಣದ ತೊಡಕು ಇರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬೆಳ್ತಂಗಡಿಯ ದೇಜಪ್ಪ ನನ್ನ ಕಣ್ಣೆದುರೇ ಮಾಯವಾಗಿ, ಯಾರೋ ಒಬ್ಬ ವಜ್ರದ ವ್ಯಾಪಾರಿ ಮಲಗಿದ್ದ.

"ಕೇಳು. ಜಿ.ಎಂ. ಬಂದ್ರೆ ಏಳ್ಬಾರ್ದು. ಗುಡ್ ಮಾರ್ನಿಂಗ್ ಹೇಳ್ಬಾರ್ದು. ಥ್ಯಾಂಕ್ಯೂ ಅಂತೂ ಬಾಯಲ್ಲಿ ಬರ್ಲೇಬಾರ್ದು. ಏನಾದ್ರೂ ಕೇಳಿದ್ರೆ ಸಿಟ್ಟಿನಲ್ಲಿ ಒಂದು ದೂರು ಹೇಳು. ದೂರು ಹೇಳುವವನೇ ಗೆಸ್ಟು."

"ಎಂಥ ದೂರು?"

"ಸೂಪು ಬಿಸಿ ಇರ್ಲಿಲ್ಲ ಅನ್ನು. ಸೂಪ್ ಕೋಲ್ಡ್. ಅಷ್ಟು ಸಾಕು."

"ಸೂಪ್ ಕೋಲ್ಡ್, ಸೂಪ್ ಕೋಲ್ಡ್" ಎಂದು ಅವನು ಹಲ್ಲು ಕಚ್ಚಿಕೊಂಡು ಬಾಯಿಪಾಠ ಮಾಡಿದ.

ಬೀಚಿನ ಮಂಚವೊಂದರ ಮೇಲೆ ಮಲಗಿಸಿ, ನೇಪಾಳಿ ಅಡುಗೆಯವನೂ ನಾನೂ ಹೊತ್ತುಕೊಂಡು ಹೊರಟೆವು. ಸಿಲ್ವಿಯಾಬಾಯಿ ಕೊಡೆ ಹಿಡಿದರು. ದೋಣಿಕಟ್ಟೆಯ ಬಳಿ ಮರಳಿನ ಬಣ್ಣದವರೆಲ್ಲ ನಮ್ಮನ್ನು ನೋಡಿದರು. ಅವರಿಗೆ ಗುರುತು ಸಿಕ್ಕಿತು, ಅವರು ಮುಖ ನೋಡುವವರು. ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು.

ಜಿ.ಎಂ. ಬಂದರು. ಬಿಳಿ ನಿಲುವಂಗಿ, ಕಟ್ಟಿದ ಕಾಲು ನೋಡಿ ಅವರ ಮುಖದ ರಕ್ತ ಇಳಿಯಿತು. ನರ್ಸಿನ ಕಡೆ ತಿರುಗಿ ಮೆಲ್ಲನೆ, "ನನಗೇಕೆ ಯಾರೂ ತಿಳಿಸಲಿಲ್ಲ?" ಎಂದರು.

"ಪ್ರೈವೆಸಿ, ಸರ್" ಎಂದರು ಸಿಲ್ವಿಯಾಬಾಯಿ. "ಯಾರನ್ನೂ ಹತ್ತಿರ ಬಿಡಬೇಡಿ ಎಂದಿದ್ದರು."

ಅದು ಅವರದೇ ನಿಯಮ. ಹೆಸರು ಕೇಳುವಂತಿಲ್ಲ, ಅದೂ ಅವರದೇ ನಿಯಮ. ಜಿ.ಎಂ. ಮಂಚದ ಪಕ್ಕ ಮರಳಿನಲ್ಲಿ ಮೊಣಕಾಲೂರಿ, "ಖಂಡಿತ ಸರ್, ನಿಮ್ಮನ್ನು ಮರೆಯುವುದುಂಟೇ" ಎಂದು ಶುರು ಮಾಡಿದರು. ಅಷ್ಟರಲ್ಲಿ ನೋಡುತ್ತೇನೆ, ದೇಜಪ್ಪ ಏಳುತ್ತಿದ್ದ! ಒಂಬತ್ತು ವರ್ಷದ ಅಭ್ಯಾಸ, ಜಿ.ಎಂ. ಕಂಡರೆ ಎದ್ದು ನಿಲ್ಲಬೇಕು. ಮುರಿದ ಕಾಲನ್ನೇ ಊರಲು ಹೊರಟಿದ್ದ. ನಾನು ದಿಂಬು ಸರಿಮಾಡುವ ನೆವದಲ್ಲಿ ಅವನ ಭುಜವನ್ನು ಬಲವಾಗಿ ಅದುಮಿ ಹಿಡಿದೆ. "ದಯವಿಟ್ಟು ಏಳಬೇಡಿ ಸರ್" ಎಂದು ಜಿ.ಎಂ. ಕೂಡ ಇನ್ನೊಂದು ಭುಜ ಅದುಮಿದರು.

"ಈ ಹವಾಮಾನಕ್ಕಾಗಿ ನಾನು ಕ್ಷಮೆ ಕೇಳುತ್ತೇನೆ" ಎಂದರು ಜಿ.ಎಂ. "ನಮ್ಮಲ್ಲಿ ನಿಮ್ಮ ವಾಸ ಹೇಗಿತ್ತು ಸರ್? ನಾವು ಏನನ್ನಾದರೂ ಸುಧಾರಿಸಬಹುದೇ?"

ದೇಜಪ್ಪ ಕಪ್ಪು ಕನ್ನಡಕದೊಳಗಿಂದ ಅವರನ್ನೇ ನೋಡಿದ. ಬಾಯಿ ತೆರೆದ, ಮುಚ್ಚಿದ. ಎಲ್ಲಿ ಗುಡ್ ಮಾರ್ನಿಂಗ್ ಬರುತ್ತದೋ ಎಂದು ನಾನು ಅವನ ಭುಜವನ್ನು ಇನ್ನಷ್ಟು ಅದುಮಿದೆ. ಕೊನೆಗೆ ಅವನು, ನಾನು ಎಂದೂ ಕೇಳಿರದ ಗಟ್ಟಿ ದನಿಯಲ್ಲಿ, "ಟವೆಲ್. ವೆರಿ ರಫ್" ಎಂದ.

ಟವೆಲ್ ಬಹಳ ಒರಟು. ಸೂಪು ಮರೆತೇ ಹೋಗಿತ್ತು ಪಾಪ.

ಜಿ.ಎಂ. ಸರಕ್ಕನೆ ಎದ್ದು ನನ್ನತ್ತ ತಿರುಗಿದರು. ನನ್ನ ಯೂನಿಫಾರ್ಮಿನ ಮೇಲಿದ್ದ "ಲಾಂಡ್ರಿ" ಎಂಬ ಪಟ್ಟಿ ಓದಿ, "ಕೇಳಿದಿರಾ? ನಾನು ದಿನಾ ಹೇಳುವುದು ಇದನ್ನೇ. ಗೆಸ್ಟ್ ಮುಂದೆ ನನಗೆ ತಲೆ ಎತ್ತದ ಹಾಗೆ ಮಾಡಿದಿರಿ" ಎಂದು ಎಲ್ಲರೆದುರು ಉಗಿದರು. ನಾನು ಕೈಕಟ್ಟಿ ನಿಂತು, "ಸಾರಿ ಸರ್" ಎಂದೆ. ಮಂಚದ ಮೇಲಿನವನಿಗೂ ಒಮ್ಮೆ ಬಾಗಿ "ಸಾರಿ ಸರ್" ಎಂದೆ. ಜಿ.ಎಂ. ತಾವೇ ಮಂಚದ ಒಂದು ಕಾಲು ಹಿಡಿದು ದೇಜಪ್ಪನನ್ನು ದೋಣಿಗೆ ಇಳಿಸಿ, ನೆರಳಿರುವ ಜಾಗದಲ್ಲಿ ಮಲಗಿಸಿ, ಪೆಟ್ಟಾದ ಗೆಸ್ಟಿನ ಜೊತೆ ನರ್ಸ್ ಇರಲೇಬೇಕೆಂದು ಸಿಲ್ವಿಯಾಬಾಯಿಯನ್ನೂ ಹತ್ತಿಸಿದರು. ದೋಣಿ ಕಣ್ಮರೆಯಾಗುವವರೆಗೆ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು.

ನಾನು ಲಾಂಡ್ರಿಗೆ ಬಂದು, ಕೆಟ್ಟುಹೋದ ಯಂತ್ರದ ಮರೆಯಲ್ಲಿ ಕುಳಿತು ಅತ್ತೆ. ಅವನ ಮರಳಿನ ಬಣ್ಣದ ಅಂಗಿ ನೆಲದಲ್ಲಿ ಬಿದ್ದಿತ್ತು. ಅದನ್ನು ಒಗೆಯುವ ನೀರೂ ಇರಲಿಲ್ಲ.

ಪಟ್ಟಣದ ಆಸ್ಪತ್ರೆಯ ಬಾಗಿಲಲ್ಲೇ ಸಿಲ್ವಿಯಾಬಾಯಿ ನಿಜ ಹೇಳಿದರಂತೆ. ಡಾಕ್ಟರಿಗೆ ಬೇಕಿದ್ದದ್ದು ಕಾಲು, ಹುದ್ದೆಯಲ್ಲ. ಕಾಲು ಉಳಿಯಿತು. ನಮ್ಮ ಎರಡನೇ ಹಂತದ ದೋಣಿ ಬರುವಾಗ ಮತ್ತೂ ಒಂದು ವಾರ ಕಳೆದಿತ್ತು. ಅಷ್ಟು ದಿನ ದೇಜಪ್ಪ ಲಾಂಡ್ರಿಯ ನೆಲದಲ್ಲೇ ಇದ್ದಿದ್ದರೆ ಅವನ ಮನೆಗೆ ನಾನು ಯಾವ ಮುಖ ಹೊತ್ತು ಹೋಗಬೇಕಿತ್ತು?

ಜಿ.ಎಂ. ಆಮೇಲೆ ಆ ಗೆಸ್ಟಿಗೆ ಹಣ್ಣಿನ ಬುಟ್ಟಿ ಕಳುಹಿಸಲು ಬಹಳ ಹುಡುಕಿಸಿದರು. ಯಾವ ಕೋಣೆಯವರೆಂದು ಪತ್ತೆಯಾಗದೆ ಕಂಪ್ಯೂಟರನ್ನು ಬೈದರು. ಊರಿಗೆ ಮರಳಿದ ದೇಜಪ್ಪನ ಬಗ್ಗೆ ಕೇಳಲೇ ಇಲ್ಲ. ಬಿಕ್ಕಟ್ಟಿನಲ್ಲೂ ಗೆಸ್ಟ್ ಮೊದಲು ಎಂಬ ತತ್ವ ಪಾಲಿಸಿದ್ದಕ್ಕೆ ಕಂಪನಿ ಅವರಿಗೊಂದು ಗಾಜಿನ ಫಲಕ ಕೊಟ್ಟಿತು. ನನಗೂ ಒಂದು ಆಜ್ಞೆ ಬಂತು: ಇನ್ನು ಮುಂದೆ ಟವೆಲುಗಳನ್ನು ಬಿಸಿಲಿಗೆ ಹಾಕಬಾರದು. ಜ್ವರದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದವನ ಮಾತಿಗೆ ನನ್ನ ಸಿದ್ಧಾಂತ ಬಲಿಯಾಯಿತಲ್ಲ ಎಂದು ನಿವೃತ್ತನಾಗುವವರೆಗೂ ಕೊರಗಿದೆ.

ದೇಜಪ್ಪ ಈಗ ಬಿ.ಸಿ.ರೋಡಿನಲ್ಲಿ ಸ್ವಂತ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ. ಸ್ವಲ್ಪ ಕುಂಟುತ್ತಾನೆ, ಆದರೆ ಬಸ್ಸು ಕಂಡರೆ ಓಡುತ್ತಾನೆ. ಇದನ್ನೆಲ್ಲ ಬರೆಯುವ ಮೊದಲು ಅವನನ್ನೊಂದು ಮಾತು ಕೇಳಬೇಕೆಂದು ಕಳೆದ ತಿಂಗಳು ಹೋಗಿದ್ದೆ. ಅಂಗಿಯೊಂದರ ತೋಳು ಎಳೆದು ಹಾಸುತ್ತ ಎಲ್ಲ ಕೇಳಿಸಿಕೊಂಡ.

"ಬರೆಯಿರಿ ಶೆಟ್ರೇ. ಆದ್ರೆ ಸೂಪು ಮರೆತುಹೋಗಿ ಟವೆಲ್ ಅಂದೆ ಅಂತ ಬರೆಯ್ಬೇಡಿ."

"ಮತ್ತೆ?"

"ಸೂಪು ನೆನಪಿತ್ತು. ಟವೆಲ್ ಒರಟೇ ಇತ್ತು. ಯಂತ್ರದಲ್ಲಿ ಒಣಗಿದ್ದನ್ನು ತೆಗೆದು ಪುನಃ ಬಿಸಿಲಿಗೆ ಹಾಕಿದ್ರೆ ಹಪ್ಪಳ ಆಗ್ತದೆ. ಒಂಬತ್ತು ವರ್ಷ ಮಡಚಿದ್ದು ನನ್ನ ಕೈ ಅಲ್ವಾ?"

"ಅಲ್ಲ ಮಾರಾಯ, ಹಾಗಾದ್ರೆ ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?" ಎಂದೆ.

ದೇಜಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

"ನೀವು ಕೇಳಿದ್ರೆ ಅಲ್ವಾ ಶೆಟ್ರೇ ಹೇಳುವುದು? ಅಷ್ಟು ವರ್ಷದಲ್ಲಿ, ಹೇಗುಂಟು, ಏನು ಸರಿಮಾಡ್ಬೇಕು ಅಂತ ನನ್ನನ್ನು ಕೇಳಿದ್ದು ಜಿ.ಎಂ. ಒಬ್ರೇ. ಅದೂ ನಾನು ಗೆಸ್ಟ್ ಆದ ದಿನ."